ಹಾವು ಕಚ್ಚಿದ ಹಲ್ಲು

ರೋಮಿನಲ್ಲಿ ಸಾಯುವುದೇನೂ ಕಷ್ಟವಲ್ಲ. ಜ್ವರ ಇದೆ, ಗಾಡಿಗಳಿವೆ, ನಾಲ್ಕನೇ ಮಹಡಿಯಿಂದ ಹೂಕುಂಡ ಬೀಳಿಸುವ ನೆರೆಹೊರೆಯವರಿದ್ದಾರೆ. ಕಷ್ಟವಿರುವುದು ಸತ್ತ ಮೇಲೆ ಮೈಮೇಲಿನ ಚಿನ್ನ ಉಳಿಸಿಕೊಳ್ಳುವುದರಲ್ಲಿ. ಹಿಂದಿನವರು ಹನ್ನೆರಡು ಹಲಗೆಗಳ ಮೇಲೆ ಕಾನೂನು ಕೊರೆಸಿಟ್ಟು ಹೋಗಿದ್ದಾರೆ. ಅದರಲ್ಲಿ ಹತ್ತನೆಯ ಹಲಗೆ ಪೂರ್ತಿ ಹೆಣದ್ದೇ ಕಾರುಬಾರು. ಕೊಳಲೂದುವವರು ಹತ್ತೇ ಜನ ಇರಬೇಕು, ಹೆಂಗಸರು ಕೆನ್ನೆ ಪರಚಿಕೊಳ್ಳಬಾರದು, ಹೆಣದ ಜೊತೆ ಚಿನ್ನ ಸುಡಬಾರದು. ಹಾಗಾಗಿ ನಮ್ಮಲ್ಲಿ ಹೆಣ ಎತ್ತುವ ಮುಂಚೆ ಉಂಗುರ, ಓಲೆ, ಬಳೆ ಎಲ್ಲವನ್ನೂ ಬಿಚ್ಚಿಕೊಳ್ಳುತ್ತಾರೆ. ಬಿಚ್ಚಿಕೊಳ್ಳುವವರು ಅಳುತ್ತಲೇ ಬಿಚ್ಚಿಕೊಳ್ಳುತ್ತಾರೆ, ಆ ಮಾತು ಬೇರೆ.

ಎಸ್ಕ್ವಿಲೈನ್ ಗುಡ್ಡದ ಬುಡದಲ್ಲಿ ಉಣ್ಣೆ ವ್ಯಾಪಾರಿಗಳ ಬೀದಿಯಿದೆ. ಆ ಬೀದಿಯ ಓರ್ಬಿಯಾ ಎಂಬ ಮುದುಕಿಗೆ ಈ ಕಾನೂನು ಗಂಟಲ ಮುಳ್ಳಾಗಿತ್ತು. ವಯಸ್ಸು ಅರವತ್ತಾರು, ಗಂಡ ಹೋಗಿ ಎಂಟು ವರ್ಷ. ಬಾಯಲ್ಲಿ ಇಪ್ಪತ್ತೆರಡು ಹಲ್ಲು, ಒಂದೊಂದೂ ಗೋಡೆಗೆ ಹೊಡೆದ ಮೊಳೆಯ ಹಾಗೆ. ಅಕ್ರೋಟನ್ನು ಕಲ್ಲಿನ ಹಂಗಿಲ್ಲದೆ ಹಲ್ಲಲ್ಲೇ ಒಡೆಯುವವಳು ಎಂದು ಬೀದಿಯಲ್ಲಿ ಹೆಸರಾಗಿದ್ದಳು. ಇನ್ನೊಂದು ಹೆಸರೂ ಇತ್ತು: ಈ ಹೆಂಗಸು ನಕ್ಕಿದ್ದನ್ನು ಕಂಡವರಿಲ್ಲ.

ಅವಳ ಎಡತೋಳಿನಲ್ಲಿ ಮೂರು ಸುತ್ತು ಸುತ್ತಿಕೊಂಡ ಚಿನ್ನದ ಹಾವೊಂದಿತ್ತು. ಹುರುಪೆ ಹುರುಪೆಯಾಗಿ ಕೆತ್ತಿದ ಮೈ, ಬಾಯಿ ತೆರೆದ ತಲೆ, ಕೆಂಪು ಹರಳಿನ ಎರಡು ಕಣ್ಣು. ಹಾವೆಂದರೆ ಮನೆ ಕಾಯುವ ದೈವ. ನಮ್ಮೆಲ್ಲರ ಒಲೆಯ ಪಕ್ಕದ ಗೋಡೆಯಲ್ಲೂ ಒಂದನ್ನು ಬರೆಸಿರುತ್ತೇವೆ, ಹಬ್ಬದ ದಿನ ಅದಕ್ಕೊಂದು ಮೊಟ್ಟೆ ಇಡುತ್ತೇವೆ. ಆದರೆ ದೈವವನ್ನು ತೋಳಿಗೇ ಕಟ್ಟಿಕೊಂಡು ತಿರುಗುವ ಯೋಗ ಬೀದಿಯಲ್ಲಿ ಇದ್ದದ್ದು ಓರ್ಬಿಯಾ ಒಬ್ಬಳಿಗೇ. ಮನೆಯ ಯಜಮಾನಿಕೆ ಯಾರದು ಎಂದು ಆ ಹಾವು ಬಾಯಿ ಬಿಡದೆ ಹೇಳುತ್ತಿತ್ತು.

ಅದು ಅವಳ ಅತ್ತೆಯದು. ಕೊಟ್ಟದ್ದಲ್ಲ. ನಲವತ್ತು ವರ್ಷದ ಹಿಂದೆ ಅತ್ತೆ ಸತ್ತಾಗ ತೋಳು ಊದಿತ್ತು, ಹಾವು ಮಾಂಸದಲ್ಲಿ ಹುಗಿದುಹೋಗಿತ್ತು. ಕಾನೂನು ಕಾನೂನೇ. ಓರ್ಬಿಯಾ ಎಣ್ಣೆಯ ಕುಡಿಕೆ ತಂದು, ತೋಳಿಗೆ ಸುರಿದು, ಒಂದು ಕಾಲನ್ನು ಮಂಚಕ್ಕೆ ಒತ್ತಿ ಎಳೆದಿದ್ದಳು. "ಪ್ಲಕ್" ಎಂದು ಬಂದಿತ್ತು. ಹೆಣದ ಕೈ ಮೇಲೆದ್ದು ದಪ್ ಎಂದು ಬಿದ್ದಿತ್ತು. ಕಾನೂನಿಗಾಗಿ ಎಳೆದೆ ಎಂದು ಅವಳು ಎಲ್ಲರಿಗೂ ಹೇಳಿದಳು. ಆಸೆಗಾಗಿ ಎಳೆದೆ ಎಂದು ಅವಳಿಗೆ ಗೊತ್ತಿತ್ತು. ಅಂದಿನಿಂದ ಆ ಪ್ಲಕ್ ಸದ್ದು ಅವಳ ಕಿವಿ ಬಿಟ್ಟು ಹೋಗಿರಲಿಲ್ಲ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಈಗ ಓರ್ಬಿಯಾಳೇ ಅತ್ತೆ. ಸೊಸೆ ಟುಕ್ಕಿಯಾ ಬಂದು ಹತ್ತೊಂಬತ್ತು ವರ್ಷ. ಸೊಸೆಯ ಮೇಲೆ ಅವಳಿಗಿದ್ದ ದೂರು ಒಂದೇ: ಕಣ್ಣು ಯಾವಾಗಲೂ ಹಾವಿನ ಮೇಲೇ. ಊಟ ಬಡಿಸುವಾಗ ಹಾವಿನ ಮೇಲೆ, ನೂಲು ಸುತ್ತುವಾಗ ಹಾವಿನ ಮೇಲೆ. ಪಕ್ಕದಲ್ಲಿ ನಡೆದರೆ ಬಲಗಡೆಯೇ ನಡೆಯುತ್ತಾಳೆ, ಎಡಗಡೆಗೆ ಬರುವುದಿಲ್ಲ. ಹಬ್ಬದ ದಿನ ಎಲ್ಲ ಸೊಸೆಯರೂ ಅತ್ತೆಯನ್ನು ಅಪ್ಪಿ ಮುದ್ದಿಟ್ಟರೆ ಇವಳು ಒಂದು ಮಾರು ದೂರ ನಿಂತು ಶುಭ ಹೇಳುತ್ತಾಳೆ. ಒಲೆಯ ದೈವಕ್ಕೆ ಎಡೆ ಇಡುವಾಗ ಬೇರೆ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡು ಭಕ್ತಿಯ ಪ್ರದರ್ಶನ. ಒಮ್ಮೆ "ಇದನ್ನ ಸ್ವಲ್ಪ ಉಜ್ಜಿ ಕೊಡೇ" ಎಂದು ತೋಳು ಚಾಚಿದಾಗ "ಒಲೆ ಮೇಲೆ ಗಂಜಿ ಇದೆ ಅತ್ತೆ" ಎಂದು ಓಡಿಹೋಗಿದ್ದಳು. ಒಲೆಯ ಮೇಲೆ ಗಂಜಿ ಇರಲಿಲ್ಲ.

"ಮುಟ್ಟಿದ್ರೆ ಆಸೆ ಬಯಲಾಗುತ್ತಲ್ಲ, ಅದಕ್ಕೇ ಮುಟ್ಟಲ್ಲ," ಎಂದು ಓರ್ಬಿಯಾ ಲೆಕ್ಕ ಹಾಕಿದಳು. "ನಾನು ಕಣ್ಣು ಮುಚ್ಚೋದನ್ನೇ ಕಾಯ್ತಿದಾಳೆ. ಎಣ್ಣೆ ಕುಡಿಕೆ ಹಿಡ್ಕೊಂಡು ಬರ್ತಾಳೆ." ಸಾವಿಗೆ ಆ ಮುದುಕಿ ಹೆದರುತ್ತಿರಲಿಲ್ಲ. ಎಣ್ಣೆಯ ಕುಡಿಕೆಗೆ ಹೆದರುತ್ತಿದ್ದಳು. ಹಾವು ತನ್ನ ಜೊತೆಗೇ ಸುಡಬೇಕು, ಯಾರೂ ತನ್ನನ್ನು ಮಂಚಕ್ಕೆ ಒತ್ತಿ ಎಳೆಯಬಾರದು. ಬದುಕಿನಲ್ಲಿ ಉಳಿದಿದ್ದ ಆಸೆ ಅದೊಂದೇ.

ದಾರಿ ತೋರಿಸಿದವನು ಮಗ ಮಾನಿಯಸ್. ಪಾಪ, ಬೇಕೆಂದು ತೋರಿಸಿದ್ದಲ್ಲ. ಹುಡುಗನಾಗಿದ್ದಾಗ ಮೇಷ್ಟ್ರು ಬೆತ್ತ ಹಿಡಿದು ಹನ್ನೆರಡು ಹಲಗೆಗಳನ್ನೂ ಬಾಯಿಪಾಠ ಮಾಡಿಸಿದ್ದರು. ಎಲ್ಲ ಹುಡುಗರೂ ಮರುವರ್ಷವೇ ಮರೆತರು, ಇವನೊಬ್ಬ ಮರೆಯಲಿಲ್ಲ. ಉಣ್ಣೆ ತೂಗುವಾಗಲೂ ಕಾನೂನು, ನಾಯಿ ಬೊಗಳಿದರೂ ಕಾನೂನು. ಹಗ್ಗದಂಗಡಿಯ ಮುದುಕನನ್ನು ಸುಟ್ಟು ಬಂದ ಮಧ್ಯಾಹ್ನ ಮೂವರೂ ಬೇಳೆ ಗಂಜಿಗೆ ಕೂತಿದ್ದರು.

"ಉಂಗುರ ಬರ್ಲೇ ಇಲ್ವಂತೆ," ಎಂದಳು ಟುಕ್ಕಿಯಾ. "ಕೊನೆಗೆ ಎಣ್ಣೆ ಹಾಕಿ ಎಳೆದ್ರಂತೆ."

ಓರ್ಬಿಯಾಳ ಕೈಯ ರೊಟ್ಟಿ ಬಟ್ಟಲಿಗೆ ಬಿತ್ತು.

"ಎಳೀಲೇಬೇಕು," ಎಂದ ಮಾನಿಯಸ್. ಬಾಯಲ್ಲಿ ಗಂಜಿ ಇಟ್ಟುಕೊಂಡೇ ರಾಗವಾಗಿ ಒಪ್ಪಿಸಿದ. "'ಚಿನ್ನ ಸೇರಿಸಬಾರದು. ಆದರೆ ಯಾರ ಹಲ್ಲನ್ನು ಚಿನ್ನದಿಂದ ಕಟ್ಟಿದೆಯೋ, ಅವರನ್ನು ಅದರ ಸಮೇತ ಹೂಳಿದರೂ ಸುಟ್ಟರೂ ತಪ್ಪಿಲ್ಲ.' ಅಮ್ಮ, ಆ ಆಲಿವ್ ಕಾಯಿ ಈ ಕಡೆ ಕೊಡು."

"ಏನಂದೆ?"

"ಆಲಿವ್ ಕಾಯಿ."

"ಅದಲ್ವೋ ಬೆಪ್ಪೇ! ಹಲ್ಲು, ಹಲ್ಲು! ಇನ್ನೊಂದ್ಸಲ ಹೇಳು."

ಅಮ್ಮ ತನ್ನ ಕಾನೂನನ್ನು ಎರಡನೇ ಸಲ ಕೇಳಿದ್ದು ಇದೇ ಮೊದಲು. ಮಾನಿಯಸ್‌ಗೆ ಖುಷಿಯಿಂದ ಕಣ್ಣು ತುಂಬಿತು. ಮತ್ತೆ ಒಪ್ಪಿಸಿದ.

"ಎಷ್ಟು ಚಿನ್ನ ಅಂತ ಬರ್ದಿದ್ಯಾ?"

"ಇಲ್ಲ. ಆದ್ರೆ ಹಲ್ಲು ಅಲ್ಲಾಡ್ತಿರ್ಬೇಕಮ್ಮ. ಗಟ್ಟಿ ಹಲ್ಲಿಗೆ ಕಟ್ಟು ಹಾಕಿದ್ರೆ ಅದು ಕಟ್ಟಲ್ಲ, ಒಡವೆ. ಒಡವೆ ಸುಡೋ ಹಾಗಿಲ್ಲ."

ಅಲ್ಲಾಡುವ ಹಲ್ಲು! ಇಡೀ ರೋಮಿನ ಮುದುಕಿಯರು ಅಲ್ಲಾಡುವ ಹಲ್ಲನ್ನು ಶಪಿಸುತ್ತ ಗಂಜಿ ಕುಡಿಯುವಾಗ ಓರ್ಬಿಯಾ ಒಂದೇ ಒಂದು ಅಲ್ಲಾಡುವ ಹಲ್ಲಿಗಾಗಿ ದೇವರಿಗೆ ಹರಕೆ ಹೊತ್ತಳು. ಎರಡು ದಿನ ಒಣಗಿದ ಹಂದಿ ಮೂಳೆ ಕಡಿದಳು. ಮೂಳೆ ಪುಡಿಯಾಯಿತು. ಮೂರನೇ ದಿನ ಮುಂದಿನ ಹಲ್ಲಿಗೆ ಉಣ್ಣೆಯ ದಾರ ಕಟ್ಟಿ, ಇನ್ನೊಂದು ತುದಿಯನ್ನು ಬಾಗಿಲಿಗೆ ಕಟ್ಟಿ, ಬಾಗಿಲನ್ನು ತಾನೇ ಒದ್ದಳು. ಬಾಗಿಲ ಕೀಲು ಕಳಚಿತು. ನಾಲ್ಕನೇ ದಿನ ನಾಲಗೆಯಿಂದ ತಳ್ಳಿ ನೋಡಿದಾಗ ಮುಂದಿನ ಹಲ್ಲು ಒಂದು ಕೂದಲೆಳೆಯಷ್ಟು ಮಿಸುಕಿತು. ಕ್ಯಾಸ್ಟರ್ ದೇವರಿಗೆ ತುಪ್ಪಳದ ಕುರಿಮರಿ ಕೊಡುತ್ತೇನೆಂದಿದ್ದವಳು ಪಾರಿವಾಳಕ್ಕೆ ಇಳಿಸಿ, ಅಕ್ಕಸಾಲಿಗರಿರುವ ಪವಿತ್ರ ಬೀದಿಗೆ ಹೊರಟಳು.

ಅಕ್ಕಸಾಲಿ ದಮಾಸ್ ಗ್ರೀಕನು, ಮೊದಲು ಯಾರದೋ ಮನೆಯ ಗುಲಾಮನಾಗಿದ್ದು ಬಿಡುಗಡೆ ಪಡೆದವನು. ಆ ಬೀದಿಯಲ್ಲಿ ಅವನದೊಂದು ಗೂಡಂಗಡಿ. ಹೆಂಗಸರ ಹಲ್ಲಿಗೆ ಚಿನ್ನದ ಪಟ್ಟಿ ಹಾಕುವುದು ಅವನ ಕಸುಬಿನ ಒಂದು ಭಾಗವೇ. ಆದರೆ ತೋಳಿನಿಂದ ಹಾವು ಬಿಚ್ಚಿ ಮೇಜಿನ ಮೇಲಿಟ್ಟು "ಇದನ್ನ ಪೂರ್ತಿ ಬಾಯಿಗೆ ಹಾಕು" ಎಂದವರು ಯಾರೂ ಇರಲಿಲ್ಲ.

"ಅಮ್ಮಾವ್ರೇ, ಚಿನ್ನದ ಸೂಜಿ ಅಂತ ಕಣ್ಣಿಗೆ ಚುಚ್ಕೋತಾರಾ? ಇದು ತೋಳಿಗಿರೋದು."

"ನಿನ್ನ ಕೇಳಿದ್ನಾ? ಬಾಯಿಗೆ ಹಿಡಿಸುತ್ತಾ ಇಲ್ವಾ, ಅಷ್ಟು ಹೇಳು."

ದಮಾಸ್ ಹಾವನ್ನು ಎತ್ತಿ ಕಿವಿಯ ಹತ್ತಿರ ತಂದು ಉಗುರಿನಿಂದ ತಟ್ಟಿದ. ಮುಖದಲ್ಲಿ ಮರುಕ ಮೂಡಿತು. "ಹಿಡಿಸುತ್ತೆ. ಒಳಗೆ ಟೊಳ್ಳು."

"ಏನು ಟೊಳ್ಳು?"

"ಹಾವು. ಹೊರಗೆ ತೆಳು ತಗಡು, ಒಳಗೆ ಅರಗು."

ನಲವತ್ತು ವರ್ಷ! ಅತ್ತೆ ಜೀವಮಾನವೆಲ್ಲ ಗಟ್ಟಿ ಚಿನ್ನವೆಂದು ಮೆರೆದಿದ್ದಳು, ತಾನೂ ಮೆರೆದಿದ್ದಳು. ಓರ್ಬಿಯಾ ದಮಾಸನ ಮೂಗಿನ ಮುಂದೆ ಬೆರಳು ಅಲ್ಲಾಡಿಸಿದಳು. "ಹೊರಗೆ ಬಾಯಿ ಬಿಟ್ರೆ ನಿನ್ನ ಹಲ್ಲಿಗೂ ಕಟ್ಟು ಬೇಕಾಗುತ್ತೆ."

ಬಾಯಿಗೆ ಜೇನುಮೇಣ ಒತ್ತಿ ಅಚ್ಚು ತೆಗೆದ. ಹಾವಿನ ಮೈಯಿಂದ ಮೇಲಿನ ಸಾಲಿಗೊಂದು ಕೆಳಗಿನ ಸಾಲಿಗೊಂದು ಅಗಲ ಪಟ್ಟಿ ಆಗುತ್ತದೆ ಎಂದ. "ತಲೆ ಮಾತ್ರ ಉಳಿಯುತ್ತೆ. ಅದನ್ನ ಕರಗಿಸೋಕೆ ನಂಗೆ ಮನಸ್ಸಿಲ್ಲ, ಕೆಲಸ ಚೆನ್ನಾಗಿದೆ. ನನ್ನ ಹತ್ರಾನೇ ಇರ್ಲಿ ಬಿಡಿ."

"ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡ ಅನ್ನೋದು ಸುಳ್ಳಲ್ಲ! ತಲೇನೂ ಬಾಯಿಗೇ ಹಾಕು."

"ತಲೆ ಹಲ್ಲನ್ನ ಕಟ್ಟಲ್ಲವಲ್ಲ ಅಮ್ಮಾವ್ರೇ. ನೀವೇ ಹೇಳಿದ ಹಾಗೆ, ನಿಮ್ಮ ಮಗ ಕಾನೂನು ತೆಗೀತಾರೆ."

ಓರ್ಬಿಯಾ ಯೋಚಿಸಿದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. "ಅದರ ಬಾಯಿ ತೆರೆದಿದೆ ಅಲ್ವಾ? ಅಲ್ಲಾಡೋ ಹಲ್ಲನ್ನ ಹಾವೇ ಕಚ್ಚಿ ಹಿಡ್ಕೊಳ್ಳಲಿ. ಆಗ ಕಟ್ಟಿದ ಹಾಗಾಯ್ತಾ ಇಲ್ವಾ?"

ದಮಾಸ್ ಕಸುಬಿಗಿಳಿದ ಮೂವತ್ತು ವರ್ಷದಲ್ಲಿ ಮೊದಲ ಸಲ ಗಿರಾಕಿಯ ಮುಂದೆ ತಲೆ ಬಾಗಿಸಿದ.

ಹನ್ನೆರಡು ದಿನದ ಮೇಲೆ ಓರ್ಬಿಯಾ ಬರಿ ತೋಳಿನಲ್ಲಿ ಮನೆಗೆ ಬಂದಳು. ಅಂಗಳದಲ್ಲಿ ಟುಕ್ಕಿಯಾ ಬೇಳೆ ಆರಿಸುತ್ತಿದ್ದಳು. ಅತ್ತೆಯ ತೋಳು ನೋಡಿದ್ದೇ ಅವಳ ಮುಖ ಬೆಳಗಿತು. ಇಷ್ಟು ವರ್ಷದಲ್ಲಿ ಮೊದಲ ಸಲ ಎದ್ದು ಎದುರಿಗೇ ಬಂದಳು. "ಹಾವು ಎಲ್ಲಿ ಅತ್ತೆ? ಮಾರಿಬಿಟ್ರಾ?"

ಇವಳಿಗೇಕೆ ಈ ಸಂಭ್ರಮ ಎಂದು ಓರ್ಬಿಯಾಗೆ ಅರ್ಥವಾಗಲಿಲ್ಲ. ಮಾರಿದರೆ ದುಡ್ಡು ಕೈಗೆ ಬರುತ್ತದೆಂದು ಇರಬೇಕು. ತಡಿ ಮಗಳೇ ಎಂದುಕೊಂಡು ತುಟಿ ಎರಡೂ ಕಡೆಗೆ ಎಳೆದು, ಮೂವತ್ತು ವರ್ಷದಿಂದ ಬಳಸದ ನಗುವನ್ನು ತೆರೆದಳು. ಚಿನ್ನ ಥಳಥಳಿಸಿತು. ನಡುವೆ, ಮುಂದಿನ ಹಲ್ಲನ್ನು ಕಚ್ಚಿ ಹಿಡಿದ ಹಾವು ಕೆಂಪು ಕಣ್ಣು ಬಿಟ್ಟು ನೋಡಿತು.

"ಇಲ್ಲೇ ಇದೆ, ಸ್ಸೊಸ್ಸೆ," ಎಂದಳು ಓರ್ಬಿಯಾ. ಪಟ್ಟಿಗಳ ಸಂದಿಯಿಂದ ಗಾಳಿ ನುಗ್ಗಿ ಮಾತು ಬುಸುಗುಡುತ್ತಿತ್ತು.

ಬೇಳೆಯ ಮೊರ ನೆಲಕ್ಕೆ ಬಿತ್ತು. ಟುಕ್ಕಿಯಾ ಬಿಳುಚಿಕೊಂಡು ಅಡಿಗೆಮನೆಗೆ ಓಡಿ ಬಾಗಿಲು ಹಾಕಿಕೊಂಡಳು.

"ಹೊಟ್ಟೆಕಿಚ್ಚು," ಎಂದು ಓರ್ಬಿಯಾ ತೃಪ್ತಿಯಿಂದ ಬುಸುಗುಟ್ಟಿದಳು.

ಚಿನ್ನ ಹಾಕಿಸಿಕೊಂಡ ಮೇಲೆ ತೋರಿಸದೆ ಇರುವುದು ಹೇಗೆ? ತೋಳಿಗಾದರೆ ಸೆರಗು ಸರಿಸಿದರೆ ಸಾಕು, ಹಲ್ಲಿಗಾದರೆ ನಗಲೇಬೇಕು. ಓರ್ಬಿಯಾ ನಗತೊಡಗಿದಳು. ರೊಟ್ಟಿಯಂಗಡಿಯವನನ್ನು ನೋಡಿ ನಕ್ಕಳು, ನೀರು ಹೊರುವವರನ್ನು ನೋಡಿ ನಕ್ಕಳು, ಇಪ್ಪತ್ತು ವರ್ಷದಿಂದ ಮಾತು ಬಿಟ್ಟಿದ್ದ ಎದುರು ಮನೆಯವಳನ್ನು ನೋಡಿ ಬೇಕೆಂದೇ ಎರಡು ಸಲ ನಕ್ಕಳು. ಅವಳು ಹೆದರಿ ಒಂದು ಬುಟ್ಟಿ ಅಂಜೂರ ತಂದುಕೊಟ್ಟು ರಾಜಿಯಾದಳು. ಮೊದಲು ಮಕ್ಕಳು ಕಿರುಚಿಕೊಂಡು ಓಡಿದವು. ಆಮೇಲೆ ರೊಟ್ಟಿಯಂಗಡಿಯವನ ಹೆಂಡತಿ ಫೌಸ್ಟಿಲ್ಲಾ ಒಂದು ವಿಷಯ ಗಮನಿಸಿದಳು. ಮೂರು ದಿನದಿಂದ ಹಾಲು ಕುಡಿಯದ ಅವಳ ಕೂಸು ಓರ್ಬಿಯಾ ನಕ್ಕ ಗಳಿಗೆಯಿಂದ ಗಟಗಟ ಕುಡಿಯತೊಡಗಿತ್ತು.

"ದೃಷ್ಟಿ ಬಿದ್ದಿತ್ತು ಕಣ್ರೇ," ಎಂದು ಫೌಸ್ಟಿಲ್ಲಾ ಕೊಳಾಯಿಕಟ್ಟೆಯಲ್ಲಿ ಸಾರಿದಳು. "ಓರ್ಬಿಯಮ್ಮನ ಬಾಯಲ್ಲಿರೋ ದೈವ ಒಂದ್ಸಲ ಕಣ್ಣು ಬಿಟ್ಟು ನೋಡ್ತು, ದೃಷ್ಟಿ ಹಾರಿಹೋಯ್ತು."

ಅಷ್ಟೇ ಸಾಕಾಯಿತು. ರೋಮಿನಲ್ಲಿ ಕೆಟ್ಟ ದೃಷ್ಟಿಗೆ ಹೆದರದ ಪ್ರಾಣಿ ಇಲ್ಲ. ಅದಕ್ಕಾಗಿ ಎದೆಗೆ ಉಗಿದುಕೊಳ್ಳುತ್ತೇವೆ, ಕೂಸಿನ ಕೊರಳಿಗೆ ಹೇಳಲಾಗದ ಆಕಾರದ ತಾಯಿತಗಳನ್ನೆಲ್ಲ ಕಟ್ಟುತ್ತೇವೆ. ಬೀದಿಯಲ್ಲೇ ನಗುವ ಹಾವು ಸಿಕ್ಕರೆ ಬಿಡುತ್ತಾರೆಯೇ? ಬೆಳಗಾದರೆ ಓರ್ಬಿಯಾಳ ಬಾಗಿಲಲ್ಲಿ ಸಾಲು. ಕೂಸುಗಳು ಬಂದವು, ಗಬ್ಬದ ಹಂದಿ ಬಂತು, ಮೈದಾನದಲ್ಲಿ ರಥ ಓಡಿಸುವವನೊಬ್ಬ ನಾಲ್ಕು ಕುದುರೆಗಳನ್ನೂ ಹೊಡೆದುಕೊಂಡು ಬಂದ. ಹೊಸ ಮಡಕೆ ಸುಡುವವರು, ಹೊಸ ಮನೆ ಹೊಗುವವರು, ಪರೀಕ್ಷೆಯ ಬೆತ್ತಕ್ಕೆ ಹೆದರಿದ ಹುಡುಗರು. ಓರ್ಬಿಯಾ ಹೊಸ್ತಿಲಲ್ಲಿ ಮುಕ್ಕಾಲಿ ಹಾಕಿಕೊಂಡು ಒಬ್ಬೊಬ್ಬರಿಗೂ ನಗುತ್ತಿದ್ದಳು. ಸಂಜೆಗೆ ಕೆನ್ನೆ ಸೆಟೆದು ಹೋಗುತ್ತಿತ್ತು. ಅಕ್ರೋಟು ಒಡೆಯುವುದಿರಲಿ, ಗಂಜಿ ಕುಡಿಯುವುದೂ ಕಷ್ಟವಾಗಿತ್ತು. ಆದರೂ, ನಿಜ ಹೇಳಬೇಕೆಂದರೆ, ಮುದುಕಿಗೆ ಈ ಸಡಗರ ಇಷ್ಟವಾಗತೊಡಗಿತ್ತು. ಅರವತ್ತಾರು ವರ್ಷ ಅವಳನ್ನು ನೋಡಿ ರಸ್ತೆಯ ಆ ಬದಿಗೆ ಹೋಗುತ್ತಿದ್ದವರು ಈಗ ಜೇನಿನ ಕಡುಬು ತಂದು ಕೊಡುತ್ತಿದ್ದರು.

ಟುಕ್ಕಿಯಾ ಒಬ್ಬಳು ಮಾತ್ರ ಸಾಲಿನಲ್ಲಿ ನಿಲ್ಲಲಿಲ್ಲ. ಈಗ ಅವಳು ಊಟ ಬಡಿಸುವುದೂ ಗೋಡೆಯ ಕಡೆ ಮುಖ ಮಾಡಿಕೊಂಡೇ. ಗಂಜಿ ಒಂದೊಂದು ದಿನ ಓರ್ಬಿಯಾಳ ಮಡಿಲಿಗೇ ಬೀಳುತ್ತಿತ್ತು.

"ಉರ್ಕೊಳ್ಳೇ, ಚೆನ್ನಾಗಿ ಉರ್ಕೊ," ಎಂದುಕೊಳ್ಳುತ್ತಿದ್ದಳು ಓರ್ಬಿಯಾ. ಆದರೆ ಬೀದಿಗೆಲ್ಲ ನಕ್ಕು ಬಂದು ಮನೆಯಲ್ಲಿ ಸೊಸೆಯ ಬೆನ್ನು ನೋಡುತ್ತ ಉಣ್ಣುವಾಗ ಯಾಕೋ ಗೆದ್ದ ಖುಷಿ ಸಿಗುತ್ತಿರಲಿಲ್ಲ.

ಹೀಗಿರುವಾಗ ಬಣ್ಣಗಾರರ ಮನೆಯ ಹುಡುಗಿಗೆ ಮದುವೆ ಬಂತು. ಸಂಜೆ ಪಂಜು ಹಿಡಿದು ಮದುಮಗಳನ್ನು ಗಂಡನ ಮನೆಗೆ ಕರೆದೊಯ್ಯುವ ಮೆರವಣಿಗೆ ಉಣ್ಣೆ ಬೀದಿಯ ಮೇಲೇ ಹೋಗಬೇಕು. ಹೊಸ ಮದುಮಗಳಿಗಿಂತ ಬೇಗ ದೃಷ್ಟಿ ತಗಲುವುದು ಇನ್ನಾವುದಕ್ಕೆ? ಓರ್ಬಿಯಮ್ಮ ಬಾಗಿಲಲ್ಲಿ ಕೂತು ನಗಲೇಬೇಕೆಂದು ಎರಡೂ ಮನೆಯವರು ಬಂದು ಹೇಳಿಹೋದರು. ಅವಳು ಹೊಸ ಕೇಸರಿ ಶಾಲು ಹೊದ್ದು ಕೂತಳು. ಟುಕ್ಕಿಯಾ ಹಿಂದೆ, ಬಾಗಿಲ ಮರೆಯಲ್ಲಿ ನಿಂತಳು. ಮಾನಿಯಸ್ ಮೆರವಣಿಗೆಯ ಜೊತೆ ಹೋಗಿದ್ದ, ಮದುವೆಯ ಕಾನೂನು ಯಾರಾದರೂ ಮುರಿದರೆ ಹೇಳಬೇಕಲ್ಲ.

ಕೊಳಲು ಊದುತ್ತ, ಪೋಲಿ ಹಾಡು ಹಾಡುತ್ತ ಮೆರವಣಿಗೆ ಬಂತು. ನಮ್ಮ ಮದುವೆಗಳಲ್ಲಿ ಅಕ್ರೋಟು ಎರಚುವುದು ವಾಡಿಕೆ. ಗಂಡಿನ ಕಡೆಯ ಹುಡುಗರು ಕುಡಿದಿದ್ದರು, ತಮ್ಮ ತೋಳಿನ ಬಲ ತೋರಿಸಬೇಕಿತ್ತು. ಮದುಮಗಳು ಎದುರಿಗೆ ಬಂದಳು. ಓರ್ಬಿಯಾ ಬಾಯಿ ಅಗಲ ತೆರೆದು, ಇಡೀ ಜನ್ಮದಲ್ಲಿ ನಗದಷ್ಟು ದೊಡ್ಡದಾಗಿ ನಕ್ಕಳು.

ಅಕ್ರೋಟೊಂದು ಹಾರಿಬಂದು ಸೀದಾ ಒಳಗೆ ಹೋಯಿತು.

ಹಳೆಯ ದಿನಗಳಾಗಿದ್ದರೆ ಕಟಕ್ ಎಂದು ಒಡೆದು ಉಗಿಯುತ್ತಿದ್ದಳು. ಈಗ ಮುಂದೆ ಚಿನ್ನದ ಗೋಡೆ, ಹಿಂದೆ ಗಂಟಲು. ಅಕ್ರೋಟು ಗಂಟಲಿಗೆ ಸಿಕ್ಕಿಕೊಂಡಿತು. ಉಸಿರು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಮುದುಕಿ ಕೈ ಬಡಿದಳು, ಕಾಲು ಬಡಿದಳು. ಜನ ಅದನ್ನು ಕುಣಿತವೆಂದು ತಿಳಿದು ಚಪ್ಪಾಳೆ ಹೊಡೆದರು. ಆಮೇಲೆ ಅವಳು ನೀಲಿಯಾಗಿ ಮುಕ್ಕಾಲಿಯಿಂದ ಉರುಳಿದಳು.

"ಓರ್ಬಿಯಮ್ಮ ಹೋಗ್ಬಿಟ್ರು!" ಎಂದು ಫೌಸ್ಟಿಲ್ಲಾ ಕಿರುಚಿದಳು. ಅಂಗಳಕ್ಕೆ ಎತ್ತಿ ತಂದು ನೆಲದ ಮೇಲೆ ಮಲಗಿಸಿದರು. ಯಾರೋ ಸತ್ತವರನ್ನು ಹೊಳೆ ದಾಟಿಸುವ ದೋಣಿಯವನಿಗೆ ಕೊಡಲು ಬಾಯಲ್ಲಿಡುವ ಕಾಸು ಹುಡುಕಿದರು. ಯಾರೋ ಸಾವಿನ ಮನೆಯ ಬಾಗಿಲಿಗೆ ಕಟ್ಟುವ ಸೈಪ್ರೆಸ್ ಕೊಂಬೆ ತರಲು ಓಡಿದರು. "ಕೊನೇ ಉಸಿರು! ಕೊನೇ ಉಸಿರು ಯಾರು ತಗೋತೀರಿ? ಮಗ ಎಲ್ಲಿ?"

ನಮ್ಮಲ್ಲಿ ಸಾಯುವವರ ಕೊನೆಯ ಉಸಿರು ಗಾಳಿಗೆ ಹೋಗಬಾರದು. ಮನೆಯವರು ಬಾಯಿಗೆ ಬಾಯಿ ಇಟ್ಟು ಅದನ್ನು ಹಿಡಿದುಕೊಳ್ಳಬೇಕು. ಮಗ ಮೆರವಣಿಗೆಯ ತಲೆಯಲ್ಲಿ ಎಲ್ಲೋ ಇದ್ದ. ಉಳಿದವಳು ಟುಕ್ಕಿಯಾ.

ಓರ್ಬಿಯಾಗೆ ಕಣ್ಣು ಕತ್ತಲಿಟ್ಟಿತ್ತು, ಕಿವಿ ಮಾತ್ರ ಕೇಳುತ್ತಿತ್ತು. ಬಂದಳು, ಎಂದುಕೊಂಡಳು. ಕುಡಿಕೆ ತಂದಳು. ಇನ್ನೇನು ಎಣ್ಣೆ ಸುರಿಯುತ್ತಾಳೆ, ಬಾಯಿಗೇ ಸುರಿಯುತ್ತಾಳೆ, ನೆಲಕ್ಕೆ ಕಾಲು ಒತ್ತಿ ಎಳೆಯುತ್ತಾಳೆ, ಪ್ಲಕ್.

ಎಣ್ಣೆ ಬೀಳಲಿಲ್ಲ. ಕೆನ್ನೆಯ ಮೇಲೆ ಬಿಸಿ ನೀರಿನ ಹನಿ ಬಿತ್ತು. ಹತ್ತಿರದಲ್ಲೇ ನಡುಗುವ ದನಿಯೊಂದು ಪಿಸುಗುಟ್ಟುತ್ತಿತ್ತು.

"ಹಾವೇ, ಅಲ್ಲಾಡ್ಬೇಡ. ನಿನ್ನ ಕಾಲಿಗೆ ಬೀಳ್ತೀನಿ, ಅಲ್ಲಾಡ್ಬೇಡ. ನಮ್ಮತ್ತೆ ಉಸಿರು ತಗೊಂಡು ಹೋಗ್ಬಿಡ್ತೀನಿ, ಅಷ್ಟೇ. ಕಚ್ಬೇಡ ನನ್ನಪ್ಪಾ."

ಹಾವಿಗೆ ಕಾಲಿಲ್ಲ ಎಂಬುದು ಆ ಗಳಿಗೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಟುಕ್ಕಿಯಾ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಮುಂದಕ್ಕೆ ಬಾಗಿದಳು. ಕಣ್ಣು ಮುಚ್ಚಿದ್ದರಿಂದ ಗುರಿ ತಪ್ಪಿತು. ಕೈ ಜಾರಿ, ಚೆನ್ನಾಗಿ ಉಂಡು ಬೆಳೆದ ಆ ಹೆಂಗಸು ಪೂರ್ತಿ ಭಾರ ಬಿಟ್ಟು ಅತ್ತೆಯ ಹೊಟ್ಟೆಯ ಮೇಲೆ ಮೊಣಕೈ ಊರಿ ಬಿದ್ದಳು.

ಆಗಲೇ ಮಾನಿಯಸ್ ಏದುಸಿರು ಬಿಡುತ್ತ ಬಾಗಿಲಲ್ಲಿ ಕಾಣಿಸಿಕೊಂಡ. ದುಃಖದಿಂದ ಎರಡೂ ಕೈ ಎತ್ತಿ "ಹತ್ತೇ ಕೊಳಲಿನವರು! ಹನ್ನೊಂದಾದ್ರೆ ಕಾನೂನು..." ಎನ್ನುವಷ್ಟರಲ್ಲಿ ಓರ್ಬಿಯಾಳ ಬಾಯಿಂದ ಅಕ್ರೋಟು ಕವಣೆ ಕಲ್ಲಿನಂತೆ ಚಿಮ್ಮಿ ಅವನ ಹಣೆಗೆ ಬಡಿಯಿತು. ಕಾನೂನು ಅಲ್ಲಿಗೇ ನಿಂತಿತು. ಮುದುಕಿ ಎದ್ದು ಕೂತು ಹಾ ಎಂದು ಉಸಿರೆಳೆದಳು.

ದೋಣಿಯವನ ಕಾಸು ಹಿಡಿದು ನಿಂತಿದ್ದವನು ಮೆಲ್ಲಗೆ ಅದನ್ನು ಸೊಂಟದ ಚೀಲಕ್ಕೆ ಸೇರಿಸಿಕೊಂಡ.

ಜನ ಎಲ್ಲ ಹೋದ ಮೇಲೆ, ಮಾನಿಯಸ್ ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗಿದ ಮೇಲೆ, ಓರ್ಬಿಯಾ ಸೊಸೆಯನ್ನು ಕರೆದಳು. ಟುಕ್ಕಿಯಾ ಬಂದು ಗೋಡೆ ನೋಡುತ್ತ ನಿಂತಳು.

"ಏನೇ ಅದು ನನ್ನ ಮುಖದ ಮೇಲೆ ಗೊಣಗ್ತಿದ್ದೆ?"

"ಏನಿಲ್ಲ ಅತ್ತೆ."

"ಅಲ್ಲಾಡ್ಬೇಡ ಅಂದೆ. ಕೇಳಿಸ್ತು ನಂಗೆ."

ಟುಕ್ಕಿಯಾ ಹೋ ಎಂದು ಅತ್ತುಬಿಟ್ಟಳು. "ನಂಗೆ ಹಾವು ಅಂದ್ರೆ ಜೀವ ಹೋಗುತ್ತೆ ಅತ್ತೆ! ಮದುವೆ ದಿನ ನನ್ನ ಹೊಸ್ತಿಲು ದಾಟಿಸಿದಾಗ ನೀವು ಕೈ ಚಾಚಿದ್ರಿ. ಪಂಜಿನ ಬೆಳಕಲ್ಲಿ ಅದರ ಕಣ್ಣು ಮಿಣಕ್ ಅಂತು. ಅವತ್ತಿಂದ ಅದು ಅಲ್ಲಾಡುತ್ತಾ ಅಂತ ನೋಡ್ತಾನೇ ಇದ್ದೀನಿ."

"ಹತ್ತೊಂಬತ್ತು ವರ್ಷ?"

"ಹ್ಞೂ."

"ಅಲ್ಲಾಡ್ತಾ?"

"ಇಲ್ಲ. ಆದ್ರೂ ನಂಬಿಕೆ ಬರ್ಲಿಲ್ಲ."

"ಒಲೆ ದೈವದ ಮುಂದೆ ಕಣ್ಣು ಮುಚ್ಕೊಳ್ಳೋದೂ...?"

"ಅದೂ ಹಾವೇ ಅಲ್ವಾ ಅತ್ತೆ."

"ಬಾಯಿ ಬಿಟ್ಟು ಹೇಳ್ಬಾರ್ದಿತ್ತೇನೇ ಮೂದೇವಿ?"

"ಮನೆ ಕಾಯೋ ದೈವಕ್ಕೇ ಹೆದರೋ ಸೊಸೆ ಅಂದ್ರೆ ತವರಿಗೆ ಕಳಿಸ್ಬಿಡ್ತಿದ್ರಿ."

ಓರ್ಬಿಯಾ ಯೋಚಿಸಿದಳು. ಸುಳ್ಳು ಹೇಳುವ ವಯಸ್ಸಲ್ಲ. "ಕಳಿಸ್ತಿದ್ದೆ," ಎಂದಳು.

ಹತ್ತೊಂಬತ್ತು ವರ್ಷ ಒಂದೇ ಹಾವನ್ನು ಒಬ್ಬಳು ಆಸೆಯೆಂದುಕೊಂಡು, ಇನ್ನೊಬ್ಬಳು ಸಾವೆಂದುಕೊಂಡು ಕಾದಿದ್ದರು. ಒಳಗೆ ನೋಡಿದರೆ ಅದು ಬರೀ ಅರಗು. ಓರ್ಬಿಯಾಗೆ ನಾಚಿಕೆಯಾಯಿತು. ಯಾರಿಗೂ ಹೇಳದ ಮಾತನ್ನು ಸೊಸೆಗೆ ಹೇಳಿದಳು: ತನ್ನ ಅತ್ತೆಯ ಊದಿದ ತೋಳು, ಮಂಚಕ್ಕೆ ಒತ್ತಿದ ಕಾಲು, ಆ ಸದ್ದು. "ನೀನೂ ನಂಗೆ ಹಂಗೇ ಮಾಡ್ತೀಯ ಅಂತ... ಎಣ್ಣೆ ಹಚ್ಚಿ ಎಳೀತೀಯ ಅಂತ..."

ಟುಕ್ಕಿಯಾ ಅಳು ನಿಲ್ಲಿಸಿ ಬಾಯಿ ಬಿಟ್ಟು ನೋಡಿದಳು. "ನಾನಾ? ಆ ಹಾವು ಮುಟ್ಟಿ ಎ-ಳೀ-ತಿ-ದ್ನಾ? ನೀವು ಸತ್ರೆ ಅದು ನನ್ನ ಕೊರಳಿಗೆ ಬೀಳುತ್ತಲ್ಲ ಅಂತ ನಾನು ದಿನಾ ನಿಮ್ಮ ಆಯಸ್ಸಿಗೆ ಹರಕೆ ಹೊರ್ತಿದ್ದೆ ಅತ್ತೆ!"

ಮರುದಿನವೇ ಓರ್ಬಿಯಾ ದಮಾಸನ ಅಂಗಡಿಗೆ ಹೋಗಿ ಹಾವಿನ ತಲೆ ಕೀಳಿಸಿದಳು. ಪಟ್ಟಿಗಳನ್ನು ಹಾಗೇ ಬಿಟ್ಟಳು, ಅಕ್ರೋಟಿನ ದೆಸೆಯಿಂದ ಈಗ ನಾಲ್ಕು ಹಲ್ಲು ನಿಜವಾಗಿಯೂ ಅಲ್ಲಾಡುತ್ತಿದ್ದವು. ತಲೆಯನ್ನು ಬೀದಿಯ ಕೂಡುರಸ್ತೆಯ ಗುಡಿಗೆ ಕೊಟ್ಟಳು. ಅಲ್ಲಿ ಗೋಡೆಗೆ ಜಡಿದು ಕೆಂಪು ಪಟ್ಟಿ ಕಟ್ಟಿದರು. ವಾರದೊಳಗೆ ಜನ ತಕರಾರು ತಂದರು: ಹಾವು ಅದೇ, ಆದರೆ ಅದು ನಗುವುದಿಲ್ಲ, ಕೂಸು ಹಾಲು ಕುಡಿಯುವುದಿಲ್ಲ, ಓರ್ಬಿಯಮ್ಮನೇ ಬರಬೇಕು. ಹಾಗಾಗಿ ಈಗಲೂ ಬೆಳಗ್ಗೆ ಅವಳು ಮುಕ್ಕಾಲಿ ಹೊತ್ತುಕೊಂಡು ಗುಡಿಯ ಕೆಳಗೆ ಹೋಗಿ ಕೂತು ನಗಬೇಕು. ಇದಕ್ಕೆ ಯಾವ ಹಲಗೆಯಲ್ಲೂ ಕಾನೂನಿಲ್ಲ ಎಂದು ಮಾನಿಯಸ್‌ಗೆ ನಿದ್ದೆ ಬರುತ್ತಿಲ್ಲ.

ಚಳಿ ಶುರುವಾದ ಮೇಲೆ ಓರ್ಬಿಯಾಳ ಎಡತೋಳು ನೋಯತೊಡಗಿತು. ನಲವತ್ತು ವರ್ಷ ಹಾವು ಸುತ್ತಿಕೊಂಡಿದ್ದ ಕಡೆ ಮೂರು ಸುತ್ತಿನ ಬಿಳಿ ತಗ್ಗು ಹಾಗೇ ಉಳಿದಿತ್ತು, ಗಾಳಿ ತಾಗಿದರೆ ಅಲ್ಲೇ ಸೆಳೆತ. ಒಂದು ಸಂಜೆ ಒಲೆಯ ಮುಂದೆ ಕೂತವಳು ಬಹಳ ಹೊತ್ತು ತೋಳು ತಿಕ್ಕಿಕೊಂಡಳು. ಆಮೇಲೆ ಗಂಟಲು ಸರಿಮಾಡಿಕೊಂಡು ಕೂಗಿದಳು.

"ಟುಕ್ಕಿಯಾ, ಎಣ್ಣೆ ಕುಡಿಕೆ ತಗೊಂಡು ಬಾರೇ."

ಟುಕ್ಕಿಯಾ ಕುಡಿಕೆ ತಂದಳು. ಹಳೆಯ ಅಭ್ಯಾಸದಿಂದ ಬಲಗಡೆಗೆ ಹೋಗಿ ಕೂತಳು.

"ಆ ಕಡೆ ಅಲ್ಲ. ಈ ಕಡೆ."

ಅವಳು ಎದ್ದು ಎಡಗಡೆಗೆ ಬಂದಳು. ಅಂಗೈಗೆ ಎಣ್ಣೆ ಸುರಿದು, ಬಿಸಿ ಮಾಡಿಕೊಂಡು, ಆ ತಗ್ಗಿನ ಮೇಲೆ ಕೈಯಿಟ್ಟಳು. ಓರ್ಬಿಯಾಳ ಮೈ ಒಂದು ಕ್ಷಣ ಬಿಗಿಯಾಯಿತು.

"ಎಳೀಬೇಡ, ನಿಧಾನ."

"ಎಳೆಯೋಕೇನಿದೆ ಅತ್ತೆ," ಎಂದಳು ಟುಕ್ಕಿಯಾ, ತಿಕ್ಕುತ್ತ. "ಬರೀ ತೋಳು."

ಓರ್ಬಿಯಾ ಬಾಯಿ ಮುಚ್ಚಿಕೊಂಡೇ ನಕ್ಕಳು.